ಟೇಬಲ್ ಹುಡುಕುವ ಜಾಣತನ

ಆನ್‌ಲೈನ್ ಪೋಕರ್ ವಿಷಯ ಬಂದಾಗಲೆಲ್ಲ ಆಫೀಸಿನ ಗೆಳೆಯರು ಹೇಳೋದು ಒಂದೇ ಮಾತು: "ಇದು ಜೂಜಲ್ಲ ಮಾರಾಯಾ, ಸ್ಕಿಲ್ಲು." ನಾನೂ ಒಪ್ತೀನಿ. ಆದರೆ ಯಾವ ಸ್ಕಿಲ್ಲು ಅಂತ ಯಾರೂ ಬಿಡಿಸಿ ಹೇಳೋದಿಲ್ಲ.

ಬಲ್ಲವರು ಮೊದಲು ಕಲಿಸೋದು ಎಲೆಯ ಪಾಠ ಅಲ್ಲ, ಟೇಬಲ್ಲಿನ ಪಾಠ. ಸೈಟಿನಲ್ಲಿ ಆಟಕ್ಕೆ ಕೂರುವ ಮೊದಲೇ ಟೇಬಲ್ಲುಗಳ ಪಟ್ಟಿ ಕಾಣುತ್ತೆ. ಅದರಲ್ಲಿ ಎರಡು ಅಂಕಿ ಮುಖ್ಯ. ಸರಾಸರಿ ಪಾಟ್ ಎಷ್ಟು ಅನ್ನೋದು ಒಂದು. ಫ್ಲಾಪ್, ಅಂದರೆ ಎಲ್ಲರಿಗೂ ಸೇರಿದ ಮೊದಲ ಮೂರು ಎಲೆ ಬಿಚ್ಚುವ ತನಕ ನೂರಕ್ಕೆ ಎಷ್ಟು ಜನ ಉಳೀತಾರೆ ಅನ್ನೋದು ಇನ್ನೊಂದು. ಇದು ದೊಡ್ಡದಿದ್ದರೆ ಅಲ್ಲಿ ಕೂತವರು ಎಂಥ ಎಲೆ ಬಂದರೂ ದುಡ್ಡು ಹಾಕ್ತಾರೆ ಅಂತ ಅರ್ಥ. ಅಲ್ಲೇ ಹೋಗಿ ಕೂರಬೇಕು! ಅದೂ ಆ ಧಾರಾಳಿ ನಿಮ್ಮ ಬಲಗಡೆ ಇರೋ ಹಾಗೆ. ಸರದಿ ಎಡಕ್ಕೆ ಸುತ್ತೋದರಿಂದ ಅವನೇನು ಮಾಡಿದ ಅಂತ ನೋಡಿಕೊಂಡು ನೀವು ಆಡಬಹುದು. ಅವನು ಎದ್ದು ಹೋದರೆ ನೀವೂ ಎದ್ದುಬಿಡಿ. ಅಂಥವನನ್ನ ಅವರ ಭಾಷೆಯಲ್ಲಿ 'ಮೀನು' ಅಂತಾರೆ.

ಇದರ ಹಿಂದಿನ ಲೆಕ್ಕ ಸರಳ. ಪಾಟ್‌ನಿಂದ ಸೈಟು ರೇಕ್ ಅಂತ ತನ್ನ ಪಾಲು ಕತ್ತರಿಸುತ್ತೆ. ಶೇಕಡಾ 5 ಅಂದ್ಕೊಳ್ಳಿ, 1000 ರೂಪಾಯಿ ಪಾಟ್‌ನಲ್ಲಿ 50 ಹೋಯ್ತು. ಸಮಬಲದ ಆರು ಜನ ರಾತ್ರಿಯೆಲ್ಲ ಆಡಿದರೆ ದುಡ್ಡು ಅತ್ತಿತ್ತ ಓಡಾಡಿ, ಕಡೆಗೆ ಆರೂ ಜನರ ಒಟ್ಟು ದುಡ್ಡು ಕರಗಿರುತ್ತೆ. 2023ರ ಅಕ್ಟೋಬರ್‌ನಿಂದ ಕಟ್ಟಿದ ಹಣದ ಮೇಲೆ ಶೇಕಡಾ 28 ಜಿಎಸ್‌ಟಿ ಬೇರೆ ಬಂತು. ಹಾಗಾಗಿ ನಿಮಗಿಂತ ದಡ್ಡ ಒಬ್ಬ ಟೇಬಲ್ಲಿನಲ್ಲಿ ಇಲ್ಲದಿದ್ದರೆ ನಿಮ್ಮ ಸ್ಕಿಲ್ಲಿಗೆ ಬೆಲೆ ಇಲ್ಲ.

ನಾನು ಚಿಕ್ಕೋಡಿಯವನು. ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ... ನಮ್ಮ ಕಡೆ ಜಾತ್ರೆ ಅಂದ್ರೆ ಕುಸ್ತಿ ಇರಬೇಕು. ಅಲ್ಲಿ 'ಜೋಡ ಹಚ್ಚೋದು' ಅಂತ ಒಂದು ಕೆಲಸ ಇದೆ. ಹಿರಿಯರು ಇಬ್ಬರು ಹುಡುಗರನ್ನ ಪಕ್ಕಪಕ್ಕ ನಿಲ್ಲಿಸಿ, ಮೈ ನೋಡಿ, ವಯಸ್ಸು ಕೇಳಿ, ಸರಿಜೋಡಿ ಅನ್ನಿಸಿದರೇನೇ ಕಣಕ್ಕೆ ಬಿಡ್ತಾರೆ. ದೊಡ್ಡ ಪೈಲ್ವಾನ ಹೋಗಿ ಸಣ್ಣ ಹುಡುಗನ ಕೈ ಹಿಡಿದರೆ ಮಂದಿ ಸುಮ್ಮನಿರ್ತಾರಾ? "ಏ, ನಿನ್ನ ಜೋಡ ಹುಡುಕ್ಕೋ ಹೋಗೋ" ಅಂತ ಕೂಗಿ ಕಳಿಸ್ತಾರೆ. ಪೋಕರ್‌ನಲ್ಲಿ ಸಣ್ಣ ಹುಡುಗನನ್ನ ಹುಡುಕೋದಕ್ಕೇ ಜಾಣತನ ಅಂತ ಹೆಸರು.

ಆ ಮೀನು ಯಾರು? ನಮ್ಮ ಸೋದರಮಾವನ ಮಗನನ್ನೇ ತಗೊಳ್ಳಿ, ಇನ್ನೂ ಇಪ್ಪತ್ತೆರಡು. ಕಬ್ಬಿನ ಬಿಲ್ಲು ಮಾವನ ಖಾತೆಗೆ ಬರುತ್ತೆ, ಫೋನು ಇವನ ಕೈಯಲ್ಲಿ. ಒಂದು ಆಪ್‌ನಲ್ಲಿ ಹದಿನೈದು ದಿನಕ್ಕೆ ನಲವತ್ತು ಸಾವಿರ ಹೋಯ್ತು. ಟೇಬಲ್ ಹೆಂಗ ಆರಿಸ್ತಿದ್ದಿ ಅಂತ ಕೇಳಿದೆ. "ಆರಿಸೂದ ಏನೈತಿ ಅಣ್ಣಾ, ಬಟನ್ ಒತ್ತಿದ್ರ ಅದ ಕುಂಡ್ರಸ್ತೈತಿ" ಅಂದ. ಊರಲ್ಲಿ ಎಲೆ ಆಡೋದೇನೂ ಸಾಚಾ ಅಲ್ಲ, ಅಂದರ್-ಬಾಹರ್‌ನಲ್ಲಿ ಮನೆ ಕಳಕೊಂಡವರಿದ್ದಾರೆ. ಆದರೆ ಅಲ್ಲಿ ಯಾರಾದರೊಬ್ಬ ಕಾಕಾ "ಏಳೋ, ನಿಮ್ಮಪ್ಪಗ ಹೇಳ್ತೇನಿ" ಅಂತ ಎಬ್ಬಿಸ್ತಿದ್ದ. ಆಪ್‌ನಲ್ಲಿ ಕಾಕಾ ಇಲ್ಲ :-)

ಕೋರ್ಟುಗಳೂ ಈ ಸ್ಕಿಲ್ಲಿನ ಸುತ್ತಲೇ ತಿರುಗಿದವು. ಕೌಶಲದ ಆಟವಾಗಿ ಆಡಿದರೆ ಪೋಕರ್‌ಗೆ ಲೈಸೆನ್ಸ್ ಬೇಡ ಅಂತ 2013ರಲ್ಲಿ ನಮ್ಮ ಹೈಕೋರ್ಟು ಹೇಳಿತು. 2021ರಲ್ಲಿ ರಾಜ್ಯ ಸರಕಾರ ಪೊಲೀಸ್ ಕಾಯ್ದೆ ತಿದ್ದಿ, ಹಣ ಕಟ್ಟಿ ಆಡುವ ಆನ್‌ಲೈನ್ ಆಟ ನಿಲ್ಲಿಸಿತು. 2022ರ ಫೆಬ್ರವರಿಯಲ್ಲಿ ಅದೂ ಕೋರ್ಟಿನಲ್ಲಿ ಬಿತ್ತು. 2025ರ ಆಗಸ್ಟ್‌ನಲ್ಲಿ ಸಂಸತ್ತು ತಂದ ಕಾಯ್ದೆ ಮಾತ್ರ ಕೌಶಲವೋ ಅದೃಷ್ಟವೋ ಅಂತ ಕೇಳೋದಿಲ್ಲ. ಹಣ ಕಟ್ಟೋ ಆಟ ಅಂದರೆ ಬಂದ್. ನಡೆಸುವವನಿಗೆ 3 ವರ್ಷದ ತನಕ ಜೈಲು, 1 ಕೋಟಿ ತನಕ ದಂಡ. ಆಡಿದವನಿಗೆ ಶಿಕ್ಷೆ ಇಲ್ಲ. ಗೆಳೆಯರಿಗೆ ಸಿಟ್ಟು ಬಂದಿದೆ, ನನಗೆ ಬಂದಿಲ್ಲ.

ಕೆಲವರು ಈಗ ಹೊರದೇಶದ ಸೈಟುಗಳಲ್ಲಿ ಒಳ್ಳೆ ಟೇಬಲ್ ಹುಡುಕೋ ಮಾತಾಡ್ತಿದ್ದಾರೆ. 2007ರಲ್ಲಿ ಅಬ್ಸಲ್ಯೂಟ್ ಪೋಕರ್ ಅನ್ನೋ ಸೈಟಿನಲ್ಲಿ ಎದುರಾಳಿಗಳ ಮುಚ್ಚಿದ ಎಲೆ ನೋಡಿಕೊಂಡು ಆಡ್ತಿದ್ದವನನ್ನ ಆಟಗಾರರೇ ಲೆಕ್ಕ ಹಾಕಿ ಹಿಡಿದರು. ಅವನ ಟೇಬಲ್ಲಿನಲ್ಲಿ ಕೂತವರಲ್ಲಿ ಟೇಬಲ್ ಆರಿಸೋದು ಗೊತ್ತಿದ್ದ ಜಾಣರೂ ಇದ್ದಿರಬೇಕು.