ನಿರ್ವಿಷ ಅನ್ನ ಶ್ರೀಮಂತರ ಸೊತ್ತಲ್ಲ

ಅಂಕೋಲೆಯ ಪೇಟೆಯಲ್ಲಿ ಕಳೆದ ವಾರ ಕಂಡ ಒಂದು ಸಣ್ಣ ಸಂಗತಿಯಿಂದ ಈ ಮಾತನ್ನು ಪ್ರಾರಂಭಿಸುತ್ತೇವೆ. ಹರಿವೆ, ಬಸಲೆ, ಬೆಂಡೆ ತುಂಬಿದ ಬುಟ್ಟಿಯೊಡನೆ ಬೆಳಂಬಾರದಿಂದ ಬಂದ ಹಾಲಕ್ಕಿ ಹೆಂಗಸೊಬ್ಬಳು ರಸ್ತೆಯ ಅಂಚಿನಲ್ಲಿ ಕುಳಿತಿದ್ದಳು. ಪಾಳಿ ಮುಗಿಸಿ ಬಂದ ಕಾಮಗಾರನೊಬ್ಬ ಕೇಳಿದ: "ಅಮ್ಮಾ, ಇದಕ್ಕೆ ಮದ್ದು ಹೊಡೆದದ್ದೊ?" ಆಕೆ ನಕ್ಕಳು. "ಮದ್ದಿಗೆ ದುಡ್ಡೆಲ್ಲಿಂದ ತರಲಿ ತಮ್ಮಾ? ಸಗಣಿ ಗೊಬ್ಬರ, ಬೂದಿ, ಅಷ್ಟೇ." ಆತ ಎರಡು ಕಟ್ಟು ಹರಿವೆ ಕೊಂಡ. ಪಕ್ಕದ ಅಂಗಡಿಯಲ್ಲಿ ಘಟ್ಟದ ಮೇಲಿನಿಂದ ಲಾರಿಯಲ್ಲಿ ಬಂದ ಕೋಸು, ಟೊಮೆಟೊ ಇದ್ದವು. ಅಲ್ಲಿಯೂ ಅದೇ ಪ್ರಶ್ನೆ. ಅಂಗಡಿಕಾರ ಪ್ರಾಮಾಣಿಕವಾಗಿಯೆ ಹೇಳಿದ: "ನನಗೇನು ಗೊತ್ತು ಮಾರಾಯಾ? ನಾನು ಬೆಳೆದದ್ದಲ್ಲ, ತರಿಸಿದ್ದು."

ಒಬ್ಬಳು ಬಲ್ಲಳು, ಆದರೆ ಅವಳ ಮಾತಿಗೆ ದಾಖಲೆಯಿಲ್ಲ. ಇನ್ನೊಬ್ಬನ ಬಳಿ ಲಾರಿಯ ದಾಖಲೆಯಿದೆ, ಆದರೆ ಅವನು ಬಲ್ಲವನಲ್ಲ. ದೊಡ್ಡ ಶಹರಗಳಲ್ಲಿ ಮೂರನೆಯ ಅಂಗಡಿಯೊಂದಿದೆ. ಅಲ್ಲಿ ಚೊಕ್ಕ ಪೊಟ್ಟಣದ ಮೇಲೆ 'ಸಾವಯವ' ಎಂಬ ಹಸಿರು ಮುದ್ರೆ, ಅದರ ಕೆಳಗೆ ನಮ್ಮ ಕಾಮಗಾರನ ಕಿಸೆಗೆ ಎಟುಕದ ಬೆಲೆ. ಸಾವಯವ ಬೇಸಾಯ ಮೇಲೊ, ರಾಸಾಯನಿಕ ಬೇಸಾಯ ಮೇಲೊ ಎಂಬ ವಾದ ಇಂದು ಎಲ್ಲೆಡೆ ನಡೆದಿದೆ. ಒಂದು ಪಕ್ಷಕ್ಕೆ ಸಾವಯವವೆಲ್ಲ ಅಮೃತ, ಇನ್ನೊಂದಕ್ಕೆ ಅದೆಲ್ಲ ಸೋಗು. ನಮ್ಮ ಪ್ರಶ್ನೆ ಬೇರೆ. ಯಾವ ವಿಷ ಬಿತ್ತು? ಯಾರ ಮೇಲೆ ಬಿತ್ತು? ಅದು ಬಿದ್ದದ್ದು ತಿನ್ನುವವನಿಗೆ ತಿಳಿದಿತ್ತೆ?

ಈ ಪ್ರಶ್ನೆ ಹೊಸದಲ್ಲ. 1958ರಲ್ಲಿ ಕೇರಳದಲ್ಲಿ ಹಿಟ್ಟು, ಸಕ್ಕರೆಯಂಥ ಪದಾರ್ಥ ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಆಹಾರದ ಚೀಲಗಳನ್ನೂ ಫಾಲಿಡಾಲ್ ಎಂಬ ಕೀಟನಾಶಕವನ್ನೂ ಒಂದೇ ಹಡಗಿನಲ್ಲಿ ಸಾಗಿಸಿದ್ದರು. ಸೋರಿದ ವಿಷ ಚೀಲಕ್ಕೆ ಇಳಿದಿತ್ತು. ಆ ಸಾವುಗಳ ವಿಚಾರಣೆಯ ಫಲವಾಗಿಯೆ 1968ರ ಕೀಟನಾಶಕ ಕಾಯಿದೆ ಬಂದಿತು. ವಿಷದ ಡಬ್ಬಿಗಳ ಮೇಲೆ ಇಂದು ನಾವು ಕಾಣುವ ಬಣ್ಣದ ಗುರುತು ಆ ಕಾಯಿದೆಯ ನಿಯಮಗಳಿಂದ ಬಂದದ್ದು. ಕೆಂಪು ಎಂದರೆ ಅತಿ ಘೋರ ವಿಷ. ಆ ಮೇಲೆ ಹಳದಿ, ನೀಲಿ, ಹಸಿರು ಕ್ರಮವಾಗಿ ಇಳಿಯುತ್ತವೆ. ಹಸಿರೆಂದರೂ ವಿಷವಲ್ಲವೆಂದಲ್ಲ. ಆಹಾರ ಪದಾರ್ಥಕ್ಕೆ ತಾಗುವಂತೆ ವಿಷವನ್ನು ಸಾಗಿಸಬಾರದು, ಇಡಬಾರದು ಎಂದೂ ನಿಯಮ ಹೇಳುತ್ತದೆ. ಕಿರಾಣಿ ಅಂಗಡಿಯ ನಮ್ಮ ಬಂಧುಗಳು ಎದೆ ಮುಟ್ಟಿ ಹೇಳಲಿ: ಅಕ್ಕಿಯ ಚೀಲದ ಮಗ್ಗುಲಲ್ಲಿ ಇಲಿಪಾಷಾಣದ ಡಬ್ಬಿ ಇಟ್ಟದ್ದೇ ಇಲ್ಲವೆ?

ಮಾಸ್ತರಿಕೆಯಲ್ಲಿದ್ದಾಗ ನಮ್ಮ ತರಗತಿಯ ಹುಡುಗನೊಬ್ಬ ಕೀಟನಾಶಕದ ಖಾಲಿ ಡಬ್ಬಿಯಲ್ಲಿ ಕುಡಿಯುವ ನೀರು ತಂದಿದ್ದ. ಗದರಿದರೆ, "ಅವ್ವಿ ಮೂರು ಸಲ ತೊಳೆದಾಳೆ ಮಾಸ್ತರೆ" ಎಂದ. ಆ ತಾಯಿಯ ತಪ್ಪೇನು? ಡಬ್ಬಿಯ ಮೇಲಿನ ಅಕ್ಷರ ಅವಳಿಗೆ ಬರುತ್ತಿರಲಿಲ್ಲ. ಬಂದಿದ್ದರೂ ಅದು ಓದಲಾಗದಷ್ಟು ಸಣ್ಣದಾಗಿತ್ತು. 2013ರ ಜುಲೈಯಲ್ಲಿ ಬಿಹಾರದ ಛಾಪ್ರಾ ಬಳಿಯ ಶಾಲೆಯೊಂದರಲ್ಲಿ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ಸತ್ತ ವಾರ್ತೆ ಓದಿದಾಗ ನಮಗೆ ಆ ಡಬ್ಬಿಯೇ ನೆನಪಾಯಿತು. ಅಲ್ಲಿ ಅಡಿಗೆಯ ಎಣ್ಣೆಯಲ್ಲಿ ಸೇರಿದ್ದ ವಿಷ ಮಾನೊಕ್ರೊಟೊಫಾಸ್. ತರಕಾರಿಗೆ ಅದನ್ನು ಸಿಂಪಡಿಸಬಾರದೆಂದು ಸರಕಾರ 2005ರಲ್ಲಿಯೆ ಆಜ್ಞೆ ಮಾಡಿತ್ತು. ಆಜ್ಞೆ ಕಾಗದದ ಮೇಲಿತ್ತು, ವಿಷ ಅಡಿಗೆಮನೆಯಲ್ಲಿತ್ತು.

ನಮ್ಮ ಕರಾವಳಿಗೆ ಬಿಹಾರದವರೆಗೆ ಹೋಗುವ ಅಗತ್ಯವಿಲ್ಲ. ಗೇರು ಹೂವಿನ ರಸ ಹೀರುವ ಟೀ ಸೊಳ್ಳೆಯನ್ನು ಕೊಲ್ಲಲು ಕಾಸರಗೋಡಿನ ಗೇರು ತೋಟಗಳ ಮೇಲೆ 1970ರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ತೋಟ ಸರಕಾರಿ ನಿಗಮದ್ದು; ತೋಟದ ತಗ್ಗಿನ ಮನೆ, ಬಾವಿ, ಸುರಂಗದ ನೀರು ಬಡವರದು. ಎಣ್ಮಕಜೆ ಪಂಚಾಯತಿಯ ಪಡ್ರೆಯಲ್ಲಿ ಹುಟ್ಟುವ ಮಕ್ಕಳ ಅಂಗವೈಕಲ್ಯವನ್ನೂ ಬುದ್ಧಿಮಾಂದ್ಯವನ್ನೂ ಮೊದಲು ಲೆಕ್ಕ ಹಾಕಿದವರು ಅಲ್ಲಿಯ ವೈದ್ಯ ಮೋಹನ ಕುಮಾರರು. ಜಗತ್ತಿಗೆ ತಿಳಿಸಿದವರಲ್ಲಿ ಪತ್ರಕರ್ತ ಶ್ರೀ ಪಡ್ರೆಯವರು ಮುಂಚೂಣಿಯವರು. ಗಡಿಯ ಈಚೆಗೂ ಅದೇ ಕಥೆ. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆಗಳ ಗೇರು ನೆಡುತೋಪುಗಳ ಮೇಲೂ ಅದೇ ಮದ್ದು ಬಿತ್ತು. ನಮ್ಮ ಉತ್ತರ ಕನ್ನಡ ಜಿಲ್ಹೆಯಲ್ಲಿಯೂ ಎಂಡೋಸಲ್ಫಾನ್ ಪೀಡಿತರನ್ನು ಸರಕಾರವೇ ಗುರುತಿಸಿ ಮಾಸಾಶನ ಕೊಡಬೇಕಾಯಿತು. 2011ರ ಮೇ 13ರಂದು ಸುಪ್ರೀಮ್ ಕೋರ್ಟು ದೇಶದಲ್ಲೆಲ್ಲ ಅದರ ತಯಾರಿಕೆಯನ್ನೂ ಮಾರಾಟವನ್ನೂ ಬಳಕೆಯನ್ನೂ ತಡೆಯಿತು. ಪೀಡಿತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರ ಜನವರಿಯಲ್ಲಿ ಕೇರಳ ಸರಕಾರಕ್ಕೆ ಆಜ್ಞಾಪಿಸಿತು. ಗೇರುಬೀಜದ ಲಾಭ ಆಯಾ ವರ್ಷವೇ ಲೆಕ್ಕದ ಪುಸ್ತಕ ಸೇರಿತ್ತು. ಪರಿಹಾರ ತಲುಪುವಷ್ಟರಲ್ಲಿ ಆ ಮಕ್ಕಳು ಹಾಸಿಗೆಯ ಮೇಲೆಯೇ ದೊಡ್ಡವರಾಗಿದ್ದರು.

ಕೀಟನಾಶಕದ ಮಾತು ಇಷ್ಟಾದರೂ ಕಿವಿಗೆ ಬಿದ್ದಿದೆ. ಇನ್ನೊಂದು ಮಾತು ಇನ್ನೂ ಹೆಚ್ಚಾಗಿ ಗಿರಣಿ ಕಾಮಗಾರರದು. ಅದು ಎಂಟಿಬಯೋಟಿಕ್ ಔಷಧಗಳ ವಿಷಯ.

ಅರಳೆಯ ಧೂಳಿನಲ್ಲಿ, ಗಾಳಿಯಾಡದ ಚಾಳುಗಳಲ್ಲಿ ಬದುಕಿದ ತಲೆಮಾರಿಗೆ ಕ್ಷಯವೆಂದರೆ ಯಮನ ಕರೆಯೇ ಆಗಿತ್ತು. 1943ರಲ್ಲಿ ಅಮೇರಿಕೆಯ ವಿಜ್ಞಾನಿಗಳಾದ ಶಾಟ್ಜ್ ಮತ್ತು ವಾಕ್ಸ್‌ಮನ್ ಮಣ್ಣಿನ ಜೀವಾಣುವಿನಿಂದ ಸ್ಟ್ರೆಪ್ಟೊಮೈಸಿನ್ ತೆಗೆದಾಗ, ಆ ರೋಗಕ್ಕೆ ಮೊತ್ತಮೊದಲು ನಿಜವಾದ ಮದ್ದು ದೊರೆಯಿತು. ಅದೇ ಸ್ಟ್ರೆಪ್ಟೊಮೈಸಿನ್ನನ್ನು ಟೆಟ್ರಾಸೈಕ್ಲಿನ್ನಿನೊಡನೆ ಬೆರೆಸಿ ಪುಟ್ಟ ಪೊಟ್ಟಣಗಳಲ್ಲಿ ನಮ್ಮ ಗೊಬ್ಬರದಂಗಡಿಗಳು ದಶಕಗಳ ಕಾಲ ಮಾರಿದವು. ಭತ್ತದ ಅಂಗಮಾರಿಗೆ ಅದು, ನಿಂಬೆಯ ಕಜ್ಜಿಗೆ ಅದು, ವಿಜಯಪುರ ಬಾಗಲಕೋಟೆಗಳ ಕಡೆ ದಾಳಿಂಬೆಯ ದುಂಡಾಣು ರೋಗಕ್ಕೂ ಅದೇ.

ಇದರಲ್ಲಿ ಕೆಡುಕೇನೆಂದು ಕೇಳುವವರಿಗೆ ಮಾಸ್ತರಿಕೆಯ ರೀತಿಯಲ್ಲಿಯೆ ಹೇಳುತ್ತೇವೆ. ಲಕ್ಷ ರೋಗಾಣುಗಳ ಮೇಲೆ ಔಷಧ ಬಿದ್ದರೆ ಹೆಚ್ಚಿನವು ಸಾಯುತ್ತವೆ, ನಾಲ್ಕಾರು ಗಟ್ಟಿಪಿಂಡಗಳು ಉಳಿಯುತ್ತವೆ. ಸತ್ತವುಗಳ ಜಾಗವನ್ನೆಲ್ಲ ಉಳಿದವುಗಳ ಸಂತಾನ ತುಂಬುತ್ತದೆ. ಮುಂದಿನ ಸಲ ಆ ಔಷಧ ನಡೆಯದು. ಅಷ್ಟೇ ಅಲ್ಲ, ಈ ಗಟ್ಟಿತನವನ್ನು ಒಂದು ಜಾತಿಯ ರೋಗಾಣು ಇನ್ನೊಂದು ಜಾತಿಗೆ ದಾಟಿಸಬಲ್ಲದು. ಗದ್ದೆಯಲ್ಲಿ, ಕೋಳಿಗೂಡಿನಲ್ಲಿ, ಸಿಗಡಿ ಕೆರೆಯಲ್ಲಿ ಕಲಿತ ಪಾಠವನ್ನು ಅವು ಆಸ್ಪತ್ರೆಯ ಮಂಚದ ಮೇಲೆ ಒಪ್ಪಿಸುತ್ತವೆ. ಔಷಧಕ್ಕೆ ಮಣಿಯದ ಇಂಥ ಸೋಂಕುಗಳಿಂದಲೇ ಜಗತ್ತಿನಲ್ಲಿ 2019ರ ಒಂದೇ ವರ್ಷದಲ್ಲಿ ಸುಮಾರು 12 ಲಕ್ಷ 70 ಸಾವಿರ ಜನ ಸತ್ತರೆಂದು ವಿಜ್ಞಾನಿಗಳ ಅಂದಾಜು.

ಸರಕಾರ ತಡವಾಗಿಯಾದರೂ ಎಚ್ಚತ್ತಿದೆ. ಕೋಳಿ ಜಾನುವಾರುಗಳಿಗೆ ಕೊಲಿಸ್ಟಿನ್ ಕೊಡುವುದನ್ನು 2019ರ ಜುಲೈಯಲ್ಲಿ ನಿಷೇಧಿಸಿತು. ವೈದ್ಯರು ಕೊನೆಯ ಅಸ್ತ್ರವೆಂದು ಕಾಯ್ದಿಟ್ಟ ಔಷಧವದು. ಬೆಳೆಗೆ ಸ್ಟ್ರೆಪ್ಟೊಮೈಸಿನ್-ಟೆಟ್ರಾಸೈಕ್ಲಿನ್ ಹೊಡೆಯುವುದು 2021ರ ಡಿಸೆಂಬರಿನ ಆಜ್ಞೆಯಂತೆ 2024ರ ಜನವರಿ 1ರಿಂದ ಪೂರ್ತಿ ನಿಷಿದ್ಧ. ಒಳ್ಳೆಯದು. ಆದರೆ ಛಾಪ್ರಾದ ಪಾಠ ನೆನಪಿರಲಿ: ತಪಾಸಣೆಯಿಲ್ಲದ ಆಜ್ಞೆ ಗೋಡೆಯ ಮೇಲಿನ ಕ್ಯಾಲೆಂಡರಿನಂತೆ, ವರ್ಷ ಕಳೆದರೆ ರದ್ದಿ.

ಹಾಗಾದರೆ 'ಸಾವಯವ' ಎಂಬ ಮುದ್ರೆ ಬಿದ್ದೊಡನೆ ಎಲ್ಲವೂ ಶುದ್ಧವಾಯಿತೆ? ಹಾಗೆಂದು ನಾವು ವಾಚಕರಿಗೆ ಸುಳ್ಳು ಹೇಳಲಾರೆವು. ಅಮೇರಿಕೆಯಲ್ಲಿ ಸಾವಯವ ಮುದ್ರೆಯ ಸೇಬು, ಪೇರು ತೋಟಗಳಿಗೂ ಇದೇ ಸ್ಟ್ರೆಪ್ಟೊಮೈಸಿನ್ ಹೊಡೆಯಲು 2014ರ ಅಕ್ಟೋಬರದವರೆಗೆ ಪರವಾನಿಗೆ ಇತ್ತು. ನಮ್ಮ ಘಟ್ಟದ ಅಡಿಕೆ ತೋಟಗಳನ್ನೇ ನೋಡಿ. ಕೊಳೆರೋಗಕ್ಕೆ ಹಿಂದೆ ಕೊನೆಗೆ ಕೊಟ್ಟೆ ಕಟ್ಟುತ್ತಿದ್ದರು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ 1910ರ ಸುಮಾರಿಗೆ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣವನ್ನು ರೂಢಿಗೆ ತಂದರು. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಸಾವಯವ ನಿಯಮಗಳೂ ಅದನ್ನು ಮಿತಿಯೊಳಗೆ ಒಪ್ಪುತ್ತವೆ. ಆದರೆ ತಾಮ್ರ ಮಣ್ಣಿನಲ್ಲಿ ಕರಗಿ ಹೋಗುವುದಿಲ್ಲ, ಸೇರುತ್ತ ಹೋಗುತ್ತದೆ. ಅದಕ್ಕಾಗಿಯೆ ಯುರೋಪಿನ ಸರಕಾರಗಳು 7 ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ ತಾಮ್ರವೆಂದು ಮಿತಿ ಹಾಕಿವೆ. ಹೊಗೆಸೊಪ್ಪಿನ ಕಷಾಯವೂ ಗಿಡದಿಂದಲೇ ಬಂದದ್ದು. ಅದರಲ್ಲಿಯ ನಿಕೋಟಿನ್ ಘೋರ ವಿಷ. ಮರದ ಮೇಲೆ ನೇತಾಡುತ್ತ ಮದ್ದು ಹೊಡೆಯುವ ಕೊನೆಗೌಡನ ಕಣ್ಣಿಗೆ ಮೂಗಿಗೆ ಬಿದ್ದ ಹನಿ, ತೋಟ ಸಾವಯವವೊ ಅಲ್ಲವೊ ಎಂದು ವಿಚಾರಿಸುವುದಿಲ್ಲ.

ಇನ್ನು, ರಾತ್ರೋರಾತ್ರಿ ಎಲ್ಲ ರಾಸಾಯನಿಕ ನಿಲ್ಲಿಸಿರೆಂದು ಅಪ್ಪಣೆ ಮಾಡಿದರೆ ಏನಾಗುತ್ತದೆಂಬುದನ್ನು ಶ್ರೀಲಂಕೆ ತೋರಿಸಿಕೊಟ್ಟಿತು. 2021ರಲ್ಲಿ ಅಲ್ಲಿಯ ಸರಕಾರ ರಾಸಾಯನಿಕ ಗೊಬ್ಬರ ಮತ್ತು ಕೀಟನಾಶಕಗಳ ಆಮದನ್ನು ಒಮ್ಮೆಲೆ ತಡೆಯಿತು. ಭತ್ತದ ಇಳುವರಿ ಕುಸಿದು, ಅಕ್ಕಿಯನ್ನು ಹೊರಗಿನಿಂದ ತರಿಸಬೇಕಾಗಿ ಬಂದು, ಅದೇ ವರ್ಷದ ನವೆಂಬರಿನಲ್ಲಿ ಅಪ್ಪಣೆಯನ್ನು ಹಿಂತೆಗೆದುಕೊಳ್ಳಬೇಕಾಯಿತು. ಅಪ್ಪಣೆ ಮಾಡಿದವರ ತಟ್ಟೆಯಲ್ಲಿ ಅನ್ನಕ್ಕೆ ಕಡಿಮೆಯಾಗಲಿಲ್ಲ. ಕಡಿಮೆಯಾದದ್ದು ರೈತನ ಕಣಜದಲ್ಲಿ, ಕೂಲಿಯವನ ಗಡಿಗೆಯಲ್ಲಿ. ರೈತನಿಗೆ ಬೇರೆ ದಾರಿ ತೋರದೆ, ಬೆಲೆಯ ಭರವಸೆ ಕೊಡದೆ ಅವನ ಕೈಯಿಂದ ಪಂಪು ಕಸಿಯುವುದು ನ್ಯಾಯವಲ್ಲ. ವಿಷ ಹೊಡೆಯುವ ರೈತ ನಮ್ಮ ವೈರಿಯಲ್ಲ. ಆತನೇ ಮೊದಲ ರೋಗಿ.

ಆದ್ದರಿಂದ ಜಗಳವನ್ನು ಮುದ್ರೆಯಿಂದ ಎಬ್ಬಿಸಿ ಬುಟ್ಟಿಯ ಬಳಿಗೆ ತರಬೇಕು. ನಮ್ಮ ಬೇಡಿಕೆಗಳು ಇವು:

1. ತಾಲೂಕಿನ ಪ್ರತಿ ಪೇಟೆಯ ತರಕಾರಿ, ಕೋಳಿ, ಸಿಗಡಿಗಳ ಮಾದರಿಯನ್ನು ನಿಯಮಿತವಾಗಿ ಪರೀಕ್ಷಿಸಿ, ಫಲಿತಾಂಶವನ್ನು ಪೇಟೆಯ ಹಲಗೆಯ ಮೇಲೆ ಕನ್ನಡದಲ್ಲಿ ಬರೆಯಬೇಕು. ದಂಡ ತೆರಬೇಕಾದವರು ನಿಷಿದ್ಧ ಮಾಲನ್ನು ತಯಾರಿಸಿದವರು, ಹಂಚಿದವರು. ಅರಿಯದೆ ಎರಡು ಬುಟ್ಟಿ ಮಾರಿದ ಸಣ್ಣ ವ್ಯಾಪಾರಿಯಲ್ಲ.

2. ವಿಷ ಮಾರುವವರು ಪ್ರತಿ ಡಬ್ಬಿಗೂ ಪಾವತಿ ಕೊಡಬೇಕು. ಬಣ್ಣದ ಗುರುತಿನ ಅರ್ಥವನ್ನು ಅಂಗಡಿಯಲ್ಲಿ ದಪ್ಪ ಅಕ್ಷರದಲ್ಲಿ ತೂಗುಹಾಕಬೇಕು. ಮದ್ದು ಹೊಡೆಯುವ ಕೂಲಿಯವನಿಗೆ ಕೈಗವಸು, ಮುಖವಸ್ತ್ರಗಳನ್ನು ತೋಟದ ಧಣಿಯೆ ಒದಗಿಸಬೇಕು.

3. ಪಶುವೈದ್ಯರ ಚೀಟಿಯಿಲ್ಲದೆ ಕೋಳಿಗೂಡಿಗಾಗಲಿ ಸಿಗಡಿ ಕೆರೆಗಾಗಲಿ ಎಂಟಿಬಯೋಟಿಕ್ ಮಾರಬಾರದು. ಸಿಗಡಿಯ ಬಿಳಿಚುಕ್ಕೆ ರೋಗ ವೈರಸ್ಸಿನಿಂದ ಬರುವಂಥದು. ಅದಕ್ಕೆ ಈ ಔಷಧ ಸುರಿಯುವುದೆಂದರೆ ಹಣವನ್ನೂ ಔಷಧವನ್ನೂ ಹೊಳೆಗೆ ಸುರಿದಂತೆ.

4. ಸಾವಯವ ಪ್ರಮಾಣಪತ್ರ ದೊರೆಯುವ ಮೊದಲು ವಾರ್ಷಿಕ ಬೆಳೆಗೆ 2 ವರ್ಷ, ತೋಟದ ಬೆಳೆಗೆ 3 ವರ್ಷ ಕಾಯಬೇಕು. ಇಳುವರಿ ಇಳಿದು ಬೆಲೆ ಏರದ ಆ ವರ್ಷಗಳ ನಷ್ಟವನ್ನು ಸಣ್ಣ ರೈತನೊಬ್ಬನೆ ಹೊರುವಂತಾಗಬಾರದು. 2004ರಲ್ಲಿಯೆ ಸಾವಯವ ನೀತಿ ಸಾರಿದ ರಾಜ್ಯ ನಮ್ಮದು. ಆ ನೀತಿಯ ಬೆಳಕು ಗುಂಟೆ ಲೆಕ್ಕದ ಹಿತ್ತಲಿಗೂ ಬೀಳಲಿ.

5. ರೈತರೆ ಗುಂಪು ಕೂಡಿ ಒಬ್ಬರ ಹೊಲವನ್ನೊಬ್ಬರು ಪರೀಕ್ಷಿಸಿ ಪ್ರಮಾಣಪತ್ರ ಪಡೆಯುವ ಪದ್ಧತಿ 2011ರಿಂದ ದೇಶದಲ್ಲಿದೆ. ಬೆಳಂಬಾರದಂಥ ಊರುಗಳ ಹೆಂಗಸರಿಗೆ ಇಲಾಖೆಯವರೆ ಹೋಗಿ ಅದನ್ನು ಮಾಡಿಸಿಕೊಡಬೇಕು. ಅವರಿಗೆ ಪೇಟೆಯಲ್ಲಿ ಮಾಡು ಹೊದಿಸಿದ ಜಾಗ ಬೇಕು. ಅವರ ತರಕಾರಿಯನ್ನು ಅಂಗನವಾಡಿಗೆ, ಶಾಲೆಯ ಊಟಕ್ಕೆ, ವಿದ್ಯಾರ್ಥಿ ನಿಲಯಗಳಿಗೆ ಕೊಳ್ಳಬೇಕು. ಆಗ ನಿರ್ವಿಷ ಅನ್ನ ಮೊದಲು ಸೇರುವುದು ಬಡವರ ಮಕ್ಕಳ ಹೊಟ್ಟೆಯನ್ನು.

ಬೇಡಿಕೆಯ ಜೊತೆ ಕರ್ತವ್ಯವೂ ಇದೆ. ಜ್ವರ ಬಂದೊಡನೆ ಅಂಗಡಿಯಿಂದ ನಾಲ್ಕು ಗುಳಿಗೆ ತಂದು ಎರಡು ನುಂಗಿ ಎರಡನ್ನು ಗೂಡಿನಲ್ಲಿ ಇಡುವವರು ನಮ್ಮವರೆ. ಕ್ಷಯದ ಔಷಧವನ್ನು, ಕೆಮ್ಮು ನಿಂತಿತೆಂದು ನಡುವೆಯೆ ಬಿಡುವವರೂ ನಮ್ಮವರೆ. ಕೋಳಿಗೂಡಿನಲ್ಲಿ ರೋಗಾಣು ಕಲಿಯುವ ಪಾಠವನ್ನೇ ನಾವು ನಮ್ಮ ಮೈಯಲ್ಲಿ ಕಲಿಸುತ್ತಿದ್ದೇವೆ. ಅನ್ಯರನ್ನು ಪ್ರಶ್ನಿಸುವ ಬಾಯಿ ಮನೆಯಲ್ಲಿಯೂ ಪ್ರಶ್ನಿಸಲಿ.

ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಇಂದಿಗೂ ಕಗ್ಗ ಭತ್ತ ಉಪ್ಪುನೀರನ್ನು ತಾಳಿಕೊಂಡು, ಗೊಬ್ಬರವನ್ನೂ ಮದ್ದನ್ನೂ ಬೇಡದೆ ಬೆಳೆಯುತ್ತದೆ. ಆ ಅನ್ನಕ್ಕೆ ಯಾವ ಶಹರದ ಮುದ್ರೆಯೂ ಇರಲಿಲ್ಲ. ದುಡಿಯುವವರು ಉಂಡರು, ದುಡಿದರು. ಆ ಕಾಲವೆ ಮರಳಿ ಬರಲೆಂದು ನಾವು ಹೇಳುತ್ತಿಲ್ಲ. ಆಗ ಹಸಿವೂ ಇತ್ತು, ಕ್ಷಯಕ್ಕೆ ಮದ್ದೂ ಇರಲಿಲ್ಲ. ಹಸಿವು ನೀಗಿಸಿದ ವಿಜ್ಞಾನವೂ ಬೇಕು, ಎದೆಯ ರೋಗ ನೀಗಿಸಿದ ಔಷಧವೂ ಉಳಿಯಬೇಕು. ಎರಡನ್ನೂ ಕಾಯಬೇಕಾದವರು ಅವುಗಳ ಮೇಲೆ ಬದುಕು ನಿಂತ ನಾವು.

ಮುಂದಿನ ಸಂತೆಯ ದಿನ "ಇದಕ್ಕೆ ಮದ್ದು ಹೊಡೆದದ್ದೊ?" ಎಂದು ನೀವೂ ಕೇಳಿರಿ. ಒಬ್ಬ ಕೇಳಿದರೆ ಅಂಗಡಿಕಾರ ನಗುತ್ತಾನೆ. ನೂರು ಜನ ಕೇಳಿದರೆ ಲಾರಿಯವನನ್ನು ಅವನು ಕೇಳುತ್ತಾನೆ. ಪೇಟೆಯೇ ಕೇಳಿದರೆ ಕಾರವಾರದ ಕಚೇರಿಗಳು ಉತ್ತರ ಕೊಡಬೇಕಾಗುತ್ತದೆ.