ತಾನೇ ಇಳಿಯುತ್ತದೆ ಎಂದು ಎಷ್ಟು ದಿನ ಕಾಯುವುದು?

ಹತ್ತನೇ ತರಗತಿಯಲ್ಲಿ ಸಂತಾನೋತ್ಪತ್ತಿಯ ಪಾಠ ಬಂತೆಂದರೆ ಹಿಂದಿನ ಬೆಂಚುಗಳಲ್ಲಿ ಮುಸಿಮುಸಿ ನಗು. ಮೇಷ್ಟರಿಗೂ ಬೇಗ ಪುಟ ತಿರುವಿ ಮುಂದೆ ಹೋಗುವ ಅವಸರ. ಆ ಅವಸರದಲ್ಲಿ ಒಂದು ಮುಖ್ಯ ಸಂಗತಿ ಕಣ್ತಪ್ಪಿ ಹೋಗುತ್ತದೆ. ಗಂಡಸಿನ ವೃಷಣಗಳು, ಅಂದರೆ ನಾವು ಆಡುಮಾತಿನಲ್ಲಿ ಬೀಜ ಎನ್ನುವ ಅಂಗಗಳು, ಹೊಟ್ಟೆಯೊಳಗೆ ಇರುವುದಿಲ್ಲ. ಹೊರಗೆ ಚರ್ಮದ ಚೀಲದಲ್ಲಿ ಇರುತ್ತವೆ. ಏಕೆಂದರೆ ವೀರ್ಯಾಣು ತಯಾರಾಗಲು ಮೈಶಾಖಕ್ಕಿಂತ ಕಡಿಮೆ ಶಾಖ ಬೇಕು. ಇದನ್ನು ತಂದೆತಾಯಿ ಸರಿಯಾಗಿ ತಿಳಿದುಕೊಂಡರೆ, ಮದುವೆಯಾದ ಮೇಲೆ ಮಗನಿಗೆ ಬರಬಹುದಾದ ಒಂದು ಸಂಕಟವನ್ನು ಅವನ ಮೊದಲ ವರ್ಷದಲ್ಲೇ ಬಹುಮಟ್ಟಿಗೆ ತಪ್ಪಿಸಬಹುದು.

ನಮ್ಮ ಕನಕಪುರ ತಾಲ್ಲೂಕಿನ ಕೋಡಿಹಳ್ಳಿ ಕಡೆಯವರಿಗೆ ಶಾಖದ ಲೆಕ್ಕ ಹೊಸದಲ್ಲ. ಚಾಕಿ ಹುಳುವಿಗೆ 27–28 ಡಿಗ್ರಿ ಸೆಲ್ಸಿಯಸ್ ಬೇಕು, ನಾಲ್ಕನೇ ಜ್ವರ ಎದ್ದ ಹುಳುವಿಗೆ 24–25 ಡಿಗ್ರಿ ಸಾಕು ಎಂಬುದು ರೇಷ್ಮೆ ಬೆಳೆಗಾರರಿಗೆ ಬಾಯಿಪಾಠ. ಬೇಸಿಗೆಯಲ್ಲಿ ಹುಳು ಮನೆಯ ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟುವುದು ಅದಕ್ಕೇ. ಬಿತ್ತನೆ ಕೋಠಿಯಲ್ಲಿ ದುಡಿದವರಿಗೆ ಇನ್ನೂ ಒಂದು ಸಂಗತಿ ಗೊತ್ತು. ಬಿತ್ತನೆ ಗೂಡಿಗೆ ಅತಿಯಾದ ಶಾಖ ತಗುಲಿದರೆ ಗಂಡು ಚಿಟ್ಟೆ ಹೊರಗೆ ಬಂದರೂ ಫಲ ಕೊಡುವ ಶಕ್ತಿ ಕಳೆದುಕೊಳ್ಳುತ್ತದೆ. ನೋಡಲು ಚಿಟ್ಟೆ ಚೆನ್ನಾಗಿಯೇ ಇರುತ್ತದೆ, ಹೆಣ್ಣಿನ ಜೊತೆ ಕೂಡುತ್ತದೆ. ಆದರೆ ಮೊಟ್ಟೆ ಮಾತ್ರ ಒಡೆಯುವುದಿಲ್ಲ.

ಮನುಷ್ಯನಲ್ಲೂ ಹೆಚ್ಚುಕಡಿಮೆ ಇದೇ ಕಥೆ. ವೃಷಣ ಚೀಲದ ಶಾಖ ಮೈಶಾಖಕ್ಕಿಂತ 2ರಿಂದ 4 ಡಿಗ್ರಿ ಕಡಿಮೆ. ಚಳಿಯಾದಾಗ ಅಲ್ಲಿನ ಸ್ನಾಯು ಕುಗ್ಗಿ ವೃಷಣವನ್ನು ಮೈಗೆ ಹತ್ತಿರ ಎಳೆದುಕೊಳ್ಳುತ್ತದೆ, ಸೆಕೆಯಾದಾಗ ಸಡಿಲವಾಗಿ ಕೆಳಗೆ ಬಿಡುತ್ತದೆ. ಇದು ನಿಜಕ್ಕೂ ಶಾಖದ ಕೆಲಸವೇ ಎಂದು ತೋರಿಸಿದವರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಕಾರ್ಲ್ ಮೂರ್ ಮುಖ್ಯರು. 1920ರ ದಶಕದಲ್ಲಿ ಅವರು ಮತ್ತು ಅವರ ಸಂಗಡಿಗರು ಟಗರಿನ ವೃಷಣ ಚೀಲಕ್ಕೆ ಶಾಖ ಹೊರಹೋಗದಂತೆ ಹೊದಿಕೆ ಸುತ್ತಿ ನೋಡಿದರು. ಬೇರೇನೂ ಮಾಡದಿದ್ದರೂ ವೀರ್ಯಾಣು ತಯಾರಿಕೆ ಕೆಟ್ಟುಹೋಯಿತು.

ಹಾಗಾದರೆ ಆನೆಗೆ? ಕಾಡಿನಿಂದ ನಮ್ಮ ಹೋಬಳಿಯ ರಾಗಿ ಹೊಲಕ್ಕೆ ಇಳಿಯುವ ಸಲಗಕ್ಕೆ ವೃಷಣಗಳು ಹುಟ್ಟಿನಿಂದ ಸಾಯುವವರೆಗೂ ಹೊಟ್ಟೆಯೊಳಗೇ ಇರುತ್ತವೆ. ಕೋಳಿಹುಂಜಕ್ಕೂ ಅಷ್ಟೆ. ಅವುಗಳ ದೇಹದ ಏರ್ಪಾಡೇ ಬೇರೆ. ಮನುಷ್ಯ, ಎತ್ತು, ಕುರಿಗಳಿಗೆ ಮಾತ್ರ ವೃಷಣ ಕೆಳಗೆ ಇಳಿಯಲೇಬೇಕು.

ಎಲ್ಲಿಂದ ಇಳಿಯಬೇಕು? ತಾಯಿಯ ಗರ್ಭದಲ್ಲಿ ಗಂಡು ಮಗುವಿನ ವೃಷಣಗಳು ಮೂಡುವುದು ಮೂತ್ರಪಿಂಡದ ಹತ್ತಿರ. ಅಲ್ಲಿಂದ ಎರಡು ಹಂತದಲ್ಲಿ ಅವುಗಳ ಪ್ರಯಾಣ. ಮೊದಲು ತೊಡೆಸಂದಿನ ಹತ್ತಿರಕ್ಕೆ. ಆಮೇಲೆ, ಗರ್ಭದ ಕೊನೆಯ ಮೂರು ತಿಂಗಳಲ್ಲಿ, ತೊಡೆಸಂದಿಯ ಓಣಿಯನ್ನು ದಾಟಿ ಚೀಲಕ್ಕೆ. ದಾರಿ ತೋರಿಸಲು ಒಂದು ಹುರಿ ಇರುತ್ತದೆ. 1762ರಲ್ಲಿ ಅದನ್ನು ವಿವರಿಸಿದ ಜಾನ್ ಹಂಟರ್, ದೋಣಿಯ ಚುಕ್ಕಾಣಿ ಎಂಬರ್ಥದ ಲ್ಯಾಟಿನ್ ಹೆಸರನ್ನು ಅದಕ್ಕೆ ಇಟ್ಟ. ಕೆಲವು ಮಕ್ಕಳಲ್ಲಿ ಈ ಪ್ರಯಾಣ ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ದಿನ ತುಂಬಿ ಹುಟ್ಟಿದ 100 ಗಂಡು ಮಕ್ಕಳಲ್ಲಿ 2ರಿಂದ 4 ಮಕ್ಕಳಿಗೆ ಹೀಗಾಗುತ್ತದೆ. ದಿನ ತುಂಬುವ ಮೊದಲೇ ಹುಟ್ಟಿದವರಲ್ಲಿ ಇನ್ನೂ ಹೆಚ್ಚು.

"ದೊಡ್ಡೋನಾದ್ರೆ ತಾನೇ ಇಳೀತದೆ ಬುಡವ್ವ" ಎಂದು ಅಜ್ಜಿಯರು ಹೇಳುವುದುಂಟು. ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಮೊದಲ ಕೆಲವು ತಿಂಗಳಲ್ಲಿ ಬಹಳಷ್ಟು ಮಕ್ಕಳಿಗೆ ತಾನೇ ಇಳಿಯುತ್ತದೆ. ವರ್ಷ ತುಂಬುವ ಹೊತ್ತಿಗೆ ಉಳಿಯುವುದು ನೂರಕ್ಕೆ ಸುಮಾರು ಒಂದು ಮಗು. ಆದರೆ ಆರು ತಿಂಗಳು ಕಳೆದ ಮೇಲೆ ತಾನಾಗಿ ಇಳಿಯುವುದು ಬಲು ಅಪರೂಪ. ಆಮೇಲೂ ಕಾಯುವುದರಿಂದ ಲಾಭವಿಲ್ಲ, ನಷ್ಟವುಂಟು.

ನಷ್ಟ ಹೇಗೆ ಎಂದು ಕೇಳಬಹುದು. ವೀರ್ಯಾಣು ತಯಾರಾಗುವುದು ಹುಡುಗ ಪ್ರಾಯಕ್ಕೆ ಬಂದ ಮೇಲೆ ತಾನೇ? ನಿಜ. ಆದರೆ ಅದರ ಬಿತ್ತನೆ ಸಿದ್ಧವಾಗುವುದು ಎಳೆತನದಲ್ಲಿ. ಹುಟ್ಟಿದ ಮೊದಲ ಆರು ತಿಂಗಳೊಳಗೆ ಗಂಡು ಮಗುವಿನ ದೇಹದಲ್ಲಿ ಹಾರ್ಮೋನುಗಳು ಒಮ್ಮೆ ಏರಿ ಇಳಿಯುತ್ತವೆ. ಆಗ ವೃಷಣದ ಮೂಲಕೋಶಗಳು, ಮುಂದೆ ಜೀವಮಾನವಿಡೀ ವೀರ್ಯಾಣು ಕೊಡಬಲ್ಲ ಕೋಶಗಳಾಗಿ ಮಾರ್ಪಡುತ್ತವೆ. ಇಳಿಯದ ವೃಷಣದಲ್ಲಿ ಈ ಮಾರ್ಪಾಡು ಸರಿಯಾಗಿ ಆಗುವುದಿಲ್ಲ. ದಿನ ಕಳೆದಂತೆ ಬಿತ್ತನೆ ಕೋಶಗಳ ಸಂಖ್ಯೆ ಕಡಿಮೆಯಾಗುತ್ತಾ ಹೋಗುತ್ತದೆ. ಆದ್ದರಿಂದಲೇ ಈಗ ವೈದ್ಯರು 6 ತಿಂಗಳಿಂದ 18 ತಿಂಗಳೊಳಗೆ ಶಸ್ತ್ರಚಿಕಿತ್ಸೆ ಮುಗಿಸಬೇಕು ಎನ್ನುತ್ತಾರೆ. ವೃಷಣವನ್ನು ಬಿಡಿಸಿ, ಕೆಳಗೆ ತಂದು, ಚೀಲದಲ್ಲಿ ಹೊಲಿದು ನಿಲ್ಲಿಸುವ ಕೆಲಸ ಅದು. ಇಳಿಯದ ವೃಷಣಗಳಲ್ಲಿ ನೂರಕ್ಕೆ 70ರಿಂದ 80 ವೈದ್ಯರ ಕೈಗೆ ಸಿಗುತ್ತವೆ. ಸಿಗದಿದ್ದಾಗ ಲ್ಯಾಪರೊಸ್ಕೋಪಿಯಿಂದ ಹೊಟ್ಟೆಯೊಳಗೆ ನೋಡಬೇಕಾಗುತ್ತದೆ.

ಫಲ ಹೇಗಿರುತ್ತದೆ? ಬಾಲ್ಯದಲ್ಲಿ ಈ ತೊಂದರೆಗೆ ಶಸ್ತ್ರಚಿಕಿತ್ಸೆ ಆದವರನ್ನು ಅವರು ದೊಡ್ಡವರಾದ ಮೇಲೆ ವಿಚಾರಿಸಿ ನೋಡಿದ್ದಾರೆ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ನಡೆದ ಅಂಥ ಅಧ್ಯಯನದಲ್ಲಿ, ಒಂದು ಕಡೆ ಮಾತ್ರ ಇಳಿಯದಿದ್ದವರಲ್ಲಿ ಮಕ್ಕಳಿಗಾಗಿ ಪ್ರಯತ್ನಿಸಿದ ನೂರು ಮಂದಿಗೆ ಸುಮಾರು 90 ಮಂದಿ ತಂದೆಯಾಗಿದ್ದರು. ಇದು ಉಳಿದ ಗಂಡಸರಿಗೆ ಹತ್ತಿರದ ಲೆಕ್ಕವೇ. ಎರಡೂ ಕಡೆ ಇಳಿಯದಿದ್ದವರಲ್ಲಿ ಸುಮಾರು 65 ಮಂದಿ. ಒಂದು ಕಡೆಯದಾದರೆ ಎದೆಗುಂದಬೇಕಿಲ್ಲ, ಎರಡೂ ಕಡೆಯದಾದರೆ ಒಂದು ದಿನವೂ ವ್ಯರ್ಥ ಮಾಡಬಾರದು ಎಂಬುದು ಇದರ ಪಾಠ. ಇನ್ನೊಂದು ಅಪಾಯ ವೃಷಣದ ಕ್ಯಾನ್ಸರ್. ಸ್ವೀಡನ್ನಿನಲ್ಲಿ ಶಸ್ತ್ರಚಿಕಿತ್ಸೆಯಾದ 16,983 ಮಂದಿಯ ದಾಖಲೆ ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದ ವರದಿಯಂತೆ, 13 ವರ್ಷದೊಳಗೆ ಚಿಕಿತ್ಸೆಯಾದವರಿಗೆ ಈ ಅಪಾಯ ಸಾಮಾನ್ಯರಿಗಿಂತ ಸುಮಾರು ಎರಡು ಪಟ್ಟು. ಆಮೇಲೆ ಆದವರಿಗೆ ಐದು ಪಟ್ಟಿಗೂ ಹೆಚ್ಚು. ಈ ಕ್ಯಾನ್ಸರ್ ಅಪರೂಪದ್ದು, ಬೇಗ ಕಂಡರೆ ವಾಸಿಯಾಗುವಂಥದ್ದು. ಆದರೆ ಹೊಟ್ಟೆಯೊಳಗೆ ಅಡಗಿದ ವೃಷಣದಲ್ಲಿ ಗಂಟು ಎದ್ದರೆ ಯಾರ ಕೈಗೆ ಸಿಕ್ಕೀತು?

ಪತ್ತೆ ಮಾಡುವುದು ಕಷ್ಟವಲ್ಲ. ಬಿಸಿನೀರಿನ ಸ್ನಾನವಾದ ಮೇಲೆ, ಮಗು ಅಳದೆ ಹಾಯಾಗಿ ಮಲಗಿದ್ದಾಗ, ಬೆಚ್ಚಗಿನ ಕೈಯಿಂದ ಚೀಲದ ಎರಡೂ ಬದಿ ಮೆಲ್ಲಗೆ ಮುಟ್ಟಿ ನೋಡಿ. ತಣ್ಣನೆ ಕೈಯಲ್ಲಿ ಮುಟ್ಟಿದರೆ ಸರಿಯಿರುವ ವೃಷಣವೂ ಮೇಲೇರಿ ಮೋಸ ಮಾಡುತ್ತದೆ. ಸಿಗಲಿಲ್ಲವೆಂದು ಎಣ್ಣೆ ಹಚ್ಚಿ ನೀವಿ ಎಳೆಯಬೇಡಿ. ಅದರಿಂದ ಇಳಿಯುವುದಿಲ್ಲ.

ಆಶಾ ಕಾರ್ಯಕರ್ತೆ ಬಾಣಂತಿ ಮನೆಗೆ ಬಂದಾಗ ಕೇಳಿ. 14 ವಾರದ ಚುಚ್ಚುಮದ್ದಿಗೆ ಹೋದಾಗ ವೈದ್ಯರಿಗೆ ತೋರಿಸಿ. ಆರು ತಿಂಗಳಿಗೂ ಇಳಿಯದಿದ್ದರೆ ಮಕ್ಕಳ ಶಸ್ತ್ರವೈದ್ಯರಿಗೆ ಚೀಟಿ ಬರೆಸಿಕೊಳ್ಳಿ. ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂಥ ಸರ್ಕಾರಿ ಆಸ್ಪತ್ರೆಯಲ್ಲಿ ಅಂಥ ವೈದ್ಯರಿದ್ದಾರೆ. ಹುಟ್ಟಿದಾಗಲೇ ಎರಡೂ ವೃಷಣ ಸಿಗದಿದ್ದರೆ ಮಾತ್ರ ಆರು ತಿಂಗಳು ಕಾಯುವ ಪ್ರಶ್ನೆಯೇ ಇಲ್ಲ, ಕೂಡಲೇ ತಜ್ಞರಿಗೆ ತೋರಿಸಬೇಕು. ಹಾರ್ಮೋನಿನ ಗಂಭೀರ ತೊಂದರೆಗೆ ಅದು ಗುರುತಾಗಿರಬಹುದು. ಎಳೆತನದಲ್ಲಿ ಕೆಳಗೇ ಇದ್ದದ್ದು ಬೆಳೆಯುತ್ತಾ ಮೇಲೇರುವುದೂ ಉಂಟು. ಆದ್ದರಿಂದ ಶಾಲೆಗೆ ಹೋಗುವ ಹುಡುಗನನ್ನೂ ವರ್ಷಕ್ಕೊಮ್ಮೆ ನೋಡಿಸುವುದು ಒಳ್ಳೆಯದು.

ಕೊನೆಯದಾಗಿ ಗಂಡಸರಿಗೆ ಒಂದು ಮಾತು. ಇಳಿಯದ ವೃಷಣವೂ ಸಾಮಾನ್ಯವಾಗಿ ಗಂಡು ಹಾರ್ಮೋನನ್ನು ಕೊಡುತ್ತದೆ. ಮೀಸೆ ಬರುತ್ತದೆ, ದನಿ ಒಡೆಯುತ್ತದೆ, ಸಂಸಾರವೂ ನಡೆಯುತ್ತದೆ. ಹೀಗಾಗಿ ಅವನಲ್ಲಿ ಕೊರತೆಯಿದೆಯೆಂದು ಯಾರಿಗೂ ಅನುಮಾನ ಬರುವುದಿಲ್ಲ. ಮಕ್ಕಳಾಗದಿದ್ದಾಗ ಬಂಜೆ ಎನಿಸಿಕೊಳ್ಳುವವಳು ಹೆಂಡತಿ. ಹರಕೆ ಹೊರುವವಳೂ, ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವವಳೂ ಅವಳೇ. ಗಂಡಸುತನ ಬೇರೆ, ವೀರ್ಯಾಣುಗಳ ಲೆಕ್ಕ ಬೇರೆ. ಆ ಲೆಕ್ಕ ತಿಳಿಯಲು ಒಂದು ಸರಳ ವೀರ್ಯ ಪರೀಕ್ಷೆ ಸಾಕು. ಸೊಸೆಯನ್ನು ದೂರುವ ಮೊದಲು ಮಗನಿಗೆ ಆ ಪರೀಕ್ಷೆ ಮಾಡಿಸಿ. ಅದಕ್ಕಿಂತ ಮೊದಲು, ಮನೆಯಲ್ಲಿ ಈಗ ತೊಟ್ಟಿಲಲ್ಲಿರುವ ಮೊಮ್ಮಗನನ್ನು ಒಮ್ಮೆ ಸ್ನಾನದ ಹೊತ್ತಿನಲ್ಲಿ ನೋಡಿ. ಅದಕ್ಕೆ ಬೇಕಾದದ್ದು ಒಂದೇ ನಿಮಿಷ.