ಎರಡು ಹಳೇ ಕಾರು, ಒಂದು ಘನಮೂಲ

'ಸಾಮರ್ಥ್ಯ' ಪಾಠಕ್ಕೆ ನಾವೆಲ್ಲ ಕೊಡುವ ಲೆಕ್ಕ ಒಂದೇ: ಪಂಪು ಇಷ್ಟು ಲೀಟರ್ ನೀರನ್ನು ಇಷ್ಟು ಎತ್ತರಕ್ಕೆ ಎತ್ತಿತು, ಸಾಮರ್ಥ್ಯವೆಷ್ಟು? ಮಕ್ಕಳು ಸೂತ್ರಕ್ಕೆ ಹಾಕಿ ಉತ್ತರ ತೆಗೀತಾರೆ, ಅಂಕವೂ ಬರುತ್ತೆ. ಅದೇ ಮಕ್ಕಳನ್ನು 'ಎಂಜಿನ್ನಿನ ಅಶ್ವಶಕ್ತಿ ಎರಡೂವರೆ ಪಟ್ಟಾದರೆ ಕಾರಿನ ಗರಿಷ್ಠ ವೇಗ ಎಷ್ಟು ಪಟ್ಟಾಗುತ್ತೆ?' ಅಂತ ಕೇಳಿ ನೋಡಿ. ಬಹುತೇಕ ಎಲ್ಲರೂ 'ಎರಡೂವರೆ ಪಟ್ಟು' ಅಂತಾರೆ. ಈ ಪಾಠಕ್ಕೆ ಪಂಪಿಗಿಂತ ಯುರೋಪಿನ ಎರಡು ಹಳೇ ಕಾರುಗಳೇ ಮೇಲು ಅನ್ನೋದು ನನ್ನ ವಾದ.

ಒಂದು, ಇಟಲಿಯ ಫಿಯಟ್ 500. 1957ರಲ್ಲಿ ಬಂದದ್ದು, ಡಾಂಟೆ ಜಿಯಾಕೋಸಾ ಅವರ ವಿನ್ಯಾಸ. ಗಾಳಿಯಿಂದಲೇ ತಣಿಯುವ ಎರಡು ಸಿಲಿಂಡರಿನ 479 ಸಿಸಿ ಎಂಜಿನ್ ಹಿಂಭಾಗದಲ್ಲಿ. ಮೊದಲ ಮಾದರಿಗೆ ಬರೀ 13 ಅಶ್ವಶಕ್ತಿ. ಇನ್ನೊಂದು ಬ್ರಿಟನ್ನಿನ ಮಿನಿ, 1959ರದ್ದು. ವಿನ್ಯಾಸಕಾರ ಅಲೆಕ್ ಇಸಿಗೋನಿಸ್ ಎಂಜಿನ್ನನ್ನು ಮುಂದೆ ಅಡ್ಡಲಾಗಿ ಕೂರಿಸಿ, ಗೇರುಗಳನ್ನು ಅದರ ಅಡಿಯಲ್ಲೇ ಇಟ್ಟು ಜಾಗ ಉಳಿಸಿದರು. 848 ಸಿಸಿ, 34 ಅಶ್ವಶಕ್ತಿ. ಎರಡರ ಉದ್ದವೂ ಮೂರು ಮೀಟರ್ ಆಸುಪಾಸು. ಹೋಲಿಕೆಗೆ ಬೇಕಾದ್ದೂ ಅದೇ: ಗಾಳಿಗೆ ಎದುರಾಗುವ ಮೈ ಹೆಚ್ಚು ಕಡಿಮೆ ಒಂದೇ ಅಳತೆಯದು.

ಈಗ ಲೆಕ್ಕ. ಫಿಯಟ್‌ನದು ಮೆಟ್ರಿಕ್ ಅಶ್ವಶಕ್ತಿ, 735.5 ವ್ಯಾಟ್, ಬ್ರಿಟಿಷರದು 746. (ಕುದುರೆಯಲ್ಲೂ ದೇಶಭೇದ!) ಹಾಗಾಗಿ ಫಿಯಟ್ ಸುಮಾರು 9.6 ಕಿಲೋವ್ಯಾಟ್, ಮಿನಿ 25.4. ಅನುಪಾತ 2.65. ಫಿಯಟ್‌ನ ಗರಿಷ್ಠ ವೇಗ ಗಂಟೆಗೆ 85 ಕಿ.ಮೀ. ಮಕ್ಕಳ ಲೆಕ್ಕದಂತೆ ಮಿನಿ 225ರಲ್ಲಿ ಓಡಬೇಕಿತ್ತು. ಓಡಿದ್ದು 116ರ ಹತ್ತಿರ ಅಷ್ಟೆ.

ಕಾರಣ ಗಾಳಿ. ಅದರ ತಡೆ ವೇಗದ ವರ್ಗದಂತೆ ಏರುತ್ತೆ. ಸಾಮರ್ಥ್ಯ ಅಂದರೆ ಬಲ ಗುಣಿಸು ವೇಗ, ಆದ್ದರಿಂದ ಬೇಕಾಗುವ ಸಾಮರ್ಥ್ಯ ವೇಗದ ಘನದಂತೆ ಏರುತ್ತೆ. 2.65ರ ಘನಮೂಲ ಸುಮಾರು 1.38. ಅದನ್ನು 85ರಿಂದ ಗುಣಿಸಿ: 117. ಚಕ್ರದ ಘರ್ಷಣೆ, ಮೈಯ ಆಕಾರ ಎಲ್ಲ ಬಿಟ್ಟು ಮಾಡಿದ ಒರಟು ಲೆಕ್ಕ ಇಷ್ಟು ಹತ್ತಿರ ಬರೋದರಲ್ಲಿ ಸ್ವಲ್ಪ ಅದೃಷ್ಟವೂ ಇದೆ ಬಿಡಿ. ಆದರೂ ಘನದ ನಿಯಮ ಮಕ್ಕಳ ಕಣ್ಣಿಗೆ ಕಟ್ಟುತ್ತೆ.

'ಹಾಗಾದ್ರೆ ಉಳಿದ ಸಾಮರ್ಥ್ಯ ಎಲ್ಲಿ ಹೋಯ್ತು?' ಅಂತ ಯಾರಾದರೂ ಕೇಳಿದರೆ ನಿಮ್ಮ ಪಾಠ ಗೆದ್ದಿತು. ಏರು ಹತ್ತುವಾಗ, ವೇಗ ಕೂಡಿಸುವಾಗ ಅದು ಕೆಲಸಕ್ಕೆ ಬರುತ್ತೆ. ಮಿನಿಯ ತೂಕ 600 ಕಿಲೋ, ಫಿಯಟ್‌ನದು 500 ಆಸುಪಾಸು. ಕಿಲೋಗೆ ಇಷ್ಟು ವ್ಯಾಟ್ ಅಂತ ತೆಗೆದರೆ ಮಿನಿ ದುಪ್ಪಟ್ಟಿಗೂ ಮುಂದೆ. ಹಾಗಂತ ಫಿಯಟ್ ಸೋತಿತು ಅಂತ ನಾನು ಒಪ್ಪೋದಿಲ್ಲ. ಊರೊಳಗೆ 40ರಲ್ಲಿ ಓಡಾಡುವವನಿಗೆ ಆ 13 ಅಶ್ವಶಕ್ತಿಯೇ ಧಾರಾಳ.

ಇನ್ನೊಂದು ತೊಡಕು ನಮ್ಮ ಪದದಲ್ಲೇ ಇದೆ. ಪುಸ್ತಕದಲ್ಲಿ 'ಶಕ್ತಿ' ಜೌಲ್‌ನಲ್ಲಿ, 'ಸಾಮರ್ಥ್ಯ' ವ್ಯಾಟ್‌ನಲ್ಲಿ. 'ಅಶ್ವಶಕ್ತಿ' ಮಾತ್ರ ಹೆಸರಿಗೆ ಶಕ್ತಿ, ಅಳೆಯುವುದು ಸಾಮರ್ಥ್ಯವನ್ನು. ಶಾಲೆಯಾಚೆ ಬೇರೆ ಭಾಷೆಯ ಫಲಕ ಓದುವ ನಮ್ಮ ಗಡಿನಾಡಿನ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಲೇಬೇಕು.

ಬ್ರೇಕಿನ ಲೆಕ್ಕ ಬಿಡಬೇಡಿ. ನಾಳೆ ಬೈಕ್ ಹತ್ತುವವರು ಇವರೇ. 85ರಿಂದ 116ಕ್ಕೆ ವೇಗ ಏರಿದ್ದು 1.36 ಪಟ್ಟು, ಅದೇ ರಸ್ತೆ, ಅದೇ ಹಿಡಿತ ಇದ್ದರೂ ಬ್ರೇಕ್ ಒತ್ತಿದ ಮೇಲೆ ನಿಲ್ಲಲು ಬೇಕಾದ ದೂರ 1.86 ಪಟ್ಟು. ಮಿನಿಯ ವೇಗವನ್ನು ಬೋರ್ಡಿನ ಮೇಲೆ ಬರೆಯದೆ, ಮೊದಲು ಅವರಿಂದಲೇ ಅಂದಾಜು ಹೇಳಿಸಿ.